ಹಳೇ ರಾಡಿನ ಮೇಲೆ ಹೊಸ ಸೆರಾಮಿಕ್ ಬಾಲ್

ಪ್ರಶ್ನೆ: ನಮ್ಮ ಯಜಮಾನರಿಗೆ 56 ವರ್ಷ. ಹದಿನೈದು ವರ್ಷದ ಹಿಂದೆ ಬಲಗಡೆ ಸೊಂಟದ ಕೀಲು ಬದಲಾಯಿಸಿದ್ದರು. ಈಗ ಒಳಗಿನ ಪ್ಲಾಸ್ಟಿಕ್ ಸವೆದು ಕಪ್ ಸಡಿಲವಾಗಿದೆಯಂತೆ, ಮತ್ತೆ ಆಪರೇಷನ್ ಆಗಬೇಕು. ತೊಡೆಮೂಳೆಯೊಳಗಿನ ರಾಡ್ ಗಟ್ಟಿಯಾಗಿದೆ, ಅದನ್ನು ಹಾಗೇ ಬಿಟ್ಟು ಸೆರಾಮಿಕ್ ಬಾಲ್ ಕೂರಿಸುತ್ತೇವೆ ಎಂದಿದ್ದಾರೆ ಡಾಕ್ಟರು. “ಅದು ಪಿಂಗಾಣಿ, ಕಪ್ಪು-ಬಸಿ ಒಡೆದ ಹಾಗೆ ಒಡೆದುಹೋಗುತ್ತೆ, ಸ್ಟೀಲಿನದೇ ಹಾಕಿಸಿ” ಅಂತ ಮೈದುನ ಹಟ ಹಿಡಿದಿದ್ದಾನೆ. ಮೂರನೇ ಸಲ ಕೊಯ್ಯಿಸಿಕೊಳ್ಳುವ ಶಕ್ತಿ ಇವರಿಗಿಲ್ಲ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ಮೈದುನನ ಹೆದರಿಕೆಗೆ ಬುಡವಿಲ್ಲವೆಂದಲ್ಲ, ಆದರೆ ಅದು ಹಳೇ ಕಾಲದ್ದು. 1970ರಲ್ಲಿ ಫ್ರಾನ್ಸಿನ ಪಿಯರ್ ಬೂತ್ಯಾಂ ಅಲ್ಯುಮಿನಾ ಎಂಬ ಸೆರಾಮಿಕ್‌ನ ಕೀಲು ಹಾಕಲು ಶುರುಮಾಡಿದ ಮೇಲೆ ಎಷ್ಟೋ ವರ್ಷ ಸೆರಾಮಿಕ್ ಒಡೆಯುವ ಕಾಟ ಇದ್ದೇ ಇತ್ತು. ಈಗ ಹೆಚ್ಚಾಗಿ ಬಳಸುವ ನಸುಗುಲಾಬಿ ಬಣ್ಣದ ಬಾಲ್‌ನಲ್ಲಿ ಅಲ್ಯುಮಿನಾದ ಜೊತೆ ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್‌ನ ಅತಿ ಸಣ್ಣ ಕಣಗಳಿರುತ್ತವೆ. ಎಲ್ಲಾದರೂ ಬಿರುಕು ಹೊರಟರೆ ಆ ಕಣಗಳು ಉಬ್ಬಿ ಬಿರುಕಿನ ಬಾಯನ್ನು ಒತ್ತಿ ನಿಲ್ಲಿಸುತ್ತವೆ. ಇಂಗ್ಲೆಂಡಿನ ಕೀಲು ನೋಂದಣಿಯ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಹಿಂದಿನ ತಲೆಮಾರಿನ ಬಾಲ್ ಸಾವಿರಕ್ಕೆ ಸುಮಾರು ಒಂದು ಒಡೆದಿದ್ದರೆ, ಈ ಹೊಸದು ಹತ್ತು ಸಾವಿರಕ್ಕೆ ಒಂದರಷ್ಟು.

ಆದರೆ ಅದು ಮೊದಲ ಸಲದ ಆಪರೇಷನ್‌ಗಳ ಲೆಕ್ಕ. ನಿಮ್ಮವರ ವಿಷಯದಲ್ಲಿ ನನಗೆ ಚಿಂತೆ ಇರುವುದು ಬಾಲ್ ಕೂರುವ ಜಾಗದ್ದು. ರಾಡಿನ ತುದಿಯಲ್ಲಿ ಟೇಪರ್ ಎಂಬ ಲೋಹದ ಮೊನೆ ಇರುತ್ತದೆ. ಹದಿನೈದು ವರ್ಷ ಒಂದು ಬಾಲ್ ಹೊತ್ತಿದ್ದು, ಈಗ ಅದನ್ನು ಬಡಿದು ಕಿತ್ತ ಮೇಲೆ ಆ ಮೊನೆಯಲ್ಲಿ ಗೀರು, ನೆಗ್ಗು ಇದ್ದೇ ಇರುತ್ತವೆ. ಅದರ ಮೇಲೆ ಸೆರಾಮಿಕ್ ಅನ್ನು ನೇರವಾಗಿ ಕೂರಿಸಿದರೆ ಮೈಭಾರವೆಲ್ಲ ಆ ಒಂದೆರಡು ಉಬ್ಬಿನ ಮೇಲೇ ಬೀಳುತ್ತದೆ. ಸೆರಾಮಿಕ್ ಸಹಿಸದೇ ಇರುವುದು ಅದನ್ನೇ. ಇದಕ್ಕೆಂದೇ ಒಳಗೆ ಟೈಟಾನಿಯಂ ತೋಳು, ಅಂದರೆ ಸ್ಲೀವ್, ಇರುವ ಸೆರಾಮಿಕ್ ಬಾಲ್ ಬಂದಿದೆ. ಗೀರುಗಳ ಒತ್ತಡವನ್ನು ಆ ಸ್ಲೀವ್ ತಾನು ತೆಗೆದುಕೊಳ್ಳುತ್ತದೆ. “ಸ್ಲೀವ್ ಇರುವ ಬಾಲ್ ಹಾಕುತ್ತೀರಾ?” ಎಂದು ಸಂಕೋಚಪಡದೆ ಕೇಳಿ. ಟೇಪರ್ ತೀರಾ ಹಾಳಾಗಿದ್ದರೆ ಸ್ಲೀವ್ ಕೂಡ ಸಾಲದು, ರಾಡನ್ನೇ ಬದಲಿಸಬೇಕಾಗಬಹುದು. ಅದು ಕೀಲು ಬಿಚ್ಚಿ ನೋಡಿದ ಮೇಲೆ ಗೊತ್ತಾಗುವ ಮಾತು, ಅದಕ್ಕೂ ತಯಾರಾಗಿರುವ ಡಾಕ್ಟರು ಬೇಕು.

ಮೈದುನ ಹೇಳುವ ಸ್ಟೀಲು ನಿಜಕ್ಕೂ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ. ಒಳ್ಳೆಯ ಲೈನರ್, ಅಂದರೆ ಕಪ್‌ನೊಳಗಿನ ಪ್ಲಾಸ್ಟಿಕ್ ಪದರದ, ಜೊತೆ ಅದನ್ನು ಹಾಕುವುದೇನೂ ತಪ್ಪಲ್ಲ. ಆದರೆ ಹಳೇ ಟೇಪರಿನ ಸಂದಿನಲ್ಲಿ ಲೋಹಕ್ಕೆ ಲೋಹ ಉಜ್ಜಿ ತುಕ್ಕು ಹಿಡಿಯುವ ತೊಂದರೆ ಅದರಲ್ಲಿ ಹೆಚ್ಚು. ಒಂದು ಸಂದರ್ಭದಲ್ಲಂತೂ ಲೋಹ ಹಾಕಲೇಬಾರದು: ಮೊದಲು ಹಾಕಿದ್ದ ಸೆರಾಮಿಕ್ ಒಡೆದೇ ರಿವಿಷನ್, ಅಂದರೆ ಮರು ಆಪರೇಷನ್, ಆಗುತ್ತಿದ್ದರೆ. ಎಷ್ಟು ತೊಳೆದರೂ ಉಳಿಯುವ ಚೂರುಗಳು ಲೋಹದ ಬಾಲನ್ನು ಅರೆದುಹಾಕುತ್ತವೆ, ಕೋಬಾಲ್ಟ್ ರಕ್ತಕ್ಕೆ ಸೇರಿ ಹೃದಯಕ್ಕೇ ಹಾನಿಯಾದ ಪ್ರಕರಣಗಳಿವೆ. ನಿಮ್ಮವರದು ಅಂಥದ್ದಲ್ಲ, ಆ ಗಾಬರಿ ಬೇಡ.

ಮೂರನೇ ಆಪರೇಷನ್ ತಪ್ಪಿಸಬೇಕೆಂಬುದೇ ನಿಮ್ಮ ಆಸೆಯಾದರೆ, ಬಾಲ್ ಒಡೆಯುವುದಕ್ಕಿಂತ ಕೀಲು ಜಾರುವುದು, ಸೋಂಕು, ಕಪ್ ಸಡಿಲವಾಗುವುದು ಇವುಗಳ ಬಗ್ಗೆ ಹೆಚ್ಚು ಕೇಳಿ. ಎಷ್ಟು ದಿನ ನೆಲದಲ್ಲಿ ಚಕ್ಕಳಮಕ್ಕಳ ಕೂರಬಾರದು, ಕುಕ್ಕರಗಾಲಿನ ಪಾಯಖಾನೆ ಬೇಡವೇ ಎಂಬುದನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮೊದಲ ಆಪರೇಷನ್ನಿನ ಫೈಲು ಹುಡುಕಿ. ಅದರಲ್ಲಿ ಕಂಪನಿಯ ಹೆಸರು, ಸೈಜು, ಲಾಟ್ ನಂಬರ್ ಇರುವ ಸಣ್ಣ ಸ್ಟಿಕ್ಕರುಗಳನ್ನು ಅಂಟಿಸಿರುತ್ತಾರೆ. ಒಂದೇ ಅಳತೆಯ ಹೆಸರಿದ್ದರೂ ಕಂಪನಿಯಿಂದ ಕಂಪನಿಗೆ ಟೇಪರಿನ ಕೋನ ಕೂದಲೆಳೆಯಷ್ಟು ಬದಲಾಗುತ್ತದೆ. ಹಳೇ ರಾಡು ಯಾವುದೆಂದು ತಿಳಿಯದೆ ಸರಿಯಾದ ಬಾಲ್ ತರಿಸಲಾಗುವುದಿಲ್ಲ. ಮನೆಯಲ್ಲಿ ಸಿಗದಿದ್ದರೆ ಆಗಿನ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಟ್ಟು ನಕಲು ಪಡೆದು, ಆಪರೇಷನ್ನಿನ ದಿನಾಂಕ ಗೊತ್ತುಮಾಡುವ ಮೊದಲೇ ಡಾಕ್ಟರ ಕೈಗೆ ಮುಟ್ಟಿಸಿ.