ಒಂದು ದೋಣಿ, ಎರಡು ಕಥೆ

ಕಡಲನ್ನು ದಾಟುವ ಮಾತು ನಮ್ಮ ನುಡಿಯಲ್ಲಿ ಬಹು ಹಳೆಯದು. ಬಾಳು ಭವಸಾಗರ, ದೇವರೇ ಅಂಬಿಗ ಎಂಬ ಕಲ್ಪನೆಯನ್ನು ಶರಣರೂ ದಾಸರೂ ನಮಗೆ ರೂಢಿ ಮಾಡಿಕೊಟ್ಟಿದ್ದಾರೆ. ಆದರೆ ಆ ಕಡಲಿನಲ್ಲಿ ತೇಲುವವನ ನಾಲಗೆ ಒಣಗುವುದಿಲ್ಲ. ನಿಜವಾದ ಉಪ್ಪುನೀರಿನ ನಡುವೆ, ಹಸಿವು ಬಾಯಾರಿಕೆಗಳ ಎದುರಿನಲ್ಲಿ, ಮನುಷ್ಯನ ನಂಬಿಕೆಗೆ ಏನಾಗುತ್ತದೆ? ಕೆನಡಾ ದೇಶದ ಲೇಖಕ ಯಾನ್ ಮಾರ್ಟೆಲ್ 2001ರಲ್ಲಿ ಪ್ರಕಟಿಸಿದ ‘ಲೈಫ್ ಆಫ್ ಪೈ’ ಎಂಬ ಇಂಗ್ಲಿಷ್ ಕಾದಂಬರಿಯು ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಅದಕ್ಕೆ 2002ರಲ್ಲಿ ಬುಕರ್ ಪ್ರಶಸ್ತಿ ದೊರೆಯಿತು. 2012ರಲ್ಲಿ ಅದು ಚಲನಚಿತ್ರವೂ ಆಯಿತು.

ಕಥಾನಾಯಕನಾದ ಪೈ ಪಟೇಲನು ಪುದುಚೇರಿಯ ಹುಡುಗ. ಮೃಗಾಲಯದ ಒಡೆಯನ ಮಗ. ಹಿಂದುವಾಗಿ ಹುಟ್ಟಿದ ಈತನು ಇಗರ್ಜಿಗೂ ಮಸೀದಿಗೂ ಅಷ್ಟೇ ಭಕ್ತಿಯಿಂದ ಹೋಗತೊಡಗುತ್ತಾನೆ. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕೆಂದು ಅವನಿಗೆ ತೋರುವುದೇ ಇಲ್ಲ. 1977ರಲ್ಲಿ ಈ ಕುಟುಂಬವು ತನ್ನ ಪ್ರಾಣಿಗಳೊಡನೆ ಜಪಾನಿನ ಹಡಗೊಂದನ್ನೇರಿ ಕೆನಡಾಕ್ಕೆ ಹೊರಡುತ್ತದೆ. ಶಾಂತಸಾಗರದಲ್ಲಿ ಹಡಗು ಮುಳುಗುತ್ತದೆ. ಜೀವರಕ್ಷಕ ದೋಣಿಯಲ್ಲಿ ಉಳಿದವರೆಂದರೆ ಹುಡುಗ, ಕಾಲು ಮುರಿದ ಜೀಬ್ರಾ, ಒಂದು ಕತ್ತೆಕಿರುಬ, ಒಂದು ಒರಾಂಗುಟಾನ್ ಮತ್ತು ರಿಚರ್ಡ್ ಪಾರ್ಕರ್ ಎಂಬ ಹೆಸರಿನ ಹುಲಿ. ಕೊನೆಗೆ ಹುಡುಗನೂ ಹುಲಿಯೂ ಮಾತ್ರ ಉಳಿದು, 227 ದಿನಗಳ ತರುವಾಯ ಮೆಕ್ಸಿಕೋ ದೇಶದ ದಡವನ್ನು ಸೇರುತ್ತಾರೆ.

ವಿಚಾರಣೆಗೆಂದು ಬಂದ ಇಬ್ಬರು ಜಪಾನಿ ಅಧಿಕಾರಿಗಳು ಈ ಕಥೆಯನ್ನು ನಂಬುವುದಿಲ್ಲ. ಒರಾಂಗುಟಾನ್ ಬಾಳೆಹಣ್ಣಿನ ರಾಶಿಯ ಮೇಲೆ ತೇಲಿ ಬಂತೆಂದು ಪೈ ಹೇಳಿದಾಗ, ಬಾಳೆಹಣ್ಣು ತೇಲಲಾರದೆಂದು ಅವರು ವಾದಿಸುತ್ತಾರೆ. ತೊಟ್ಟಿಯಲ್ಲಿ ನೀರು ತುಂಬಿಸಿ ಹಾಕಿ ನೋಡಿದರೆ ಅದು ತೇಲುತ್ತದೆ. (ನೀವೂ ಮನೆಯಲ್ಲಿ ಪರೀಕ್ಷಿಸಬಹುದು.) ಆದರೂ ಅವರ ಸಂಶಯ ತೀರದು. ಆಗ ಪೈ ಎರಡನೆಯ ಕಥೆಯೊಂದನ್ನು ಹೇಳುತ್ತಾನೆ. ಅದರಲ್ಲಿ ಪ್ರಾಣಿಗಳೇ ಇಲ್ಲ. ದೋಣಿಯಲ್ಲಿದ್ದವರು ಕಾಲು ಮುರಿದ ನಾವಿಕ, ಕ್ರೂರಿಯಾದ ಅಡಿಗೆಯವನು, ಪೈಯ ತಾಯಿ ಮತ್ತು ಪೈ. ಅಡಿಗೆಯವನಿಂದ ನಾವಿಕನೂ ತಾಯಿಯೂ ಸಾಯುತ್ತಾರೆ. ಅಡಿಗೆಯವನನ್ನು ಪೈ ಕೊಲ್ಲುತ್ತಾನೆ. ಕಥೆ ಮುಗಿಸಿ ಪೈ ಕೇಳುವ ಪ್ರಶ್ನೆ ಇಷ್ಟೆ: ಎರಡರಲ್ಲಿ ಉತ್ತಮವಾದ ಕಥೆ ಯಾವುದು?

ಓದುಗರು ಒಡೆದು ಹೋಗುವುದು ಇಲ್ಲಿಯೇ. ಅಮೆರಿಕದ ಅಧ್ಯಕ್ಷರಾಗಿದ್ದಾಗ ಬರಾಕ್ ಒಬಾಮ ಅವರು ಮಗಳೊಡನೆ ಇದನ್ನು ಓದಿ, ತಾವಿಬ್ಬರೂ ಪ್ರಾಣಿಗಳ ಕಥೆಯನ್ನೇ ಮೆಚ್ಚಿದುದಾಗಿ ಲೇಖಕನಿಗೆ ಕೈಬರಹದ ಪತ್ರ ಬರೆದರು. ಆದರೆ ನನಗೆ ಹೆಚ್ಚು ಬೆಳಕು ತೋರಿದ್ದು ವೈಟ್‌ಫೀಲ್ಡಿನ ಮನೆಯೊಂದರಲ್ಲಿ ಸೇರಿದ ಓದುಗರ ಮಾತು. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ನೆಲೆಯಾಗಿ ಆರಂಭವಾದ ಈ ಊರಿನಲ್ಲಿ ಇಂದು ಇಗರ್ಜಿ, ಮಸೀದಿ, ದೇವಸ್ಥಾನ, ಸಾಯಿಬಾಬಾ ಆಶ್ರಮಗಳ ನಡುವೆಯೇ ಗಾಜಿನ ಕಟ್ಟಡಗಳು ಎದ್ದಿವೆ. ಪೈಯಂತಹ ಹುಡುಗನಿಗೆ ಹೇಳಿ ಮಾಡಿಸಿದ ಊರು!

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವವರೊಬ್ಬರು ಹುಲಿಯ ಪಕ್ಷವನ್ನು ವಹಿಸಿದರು. “ಹುಲಿಗೆ ಮೀನು ಹಿಡಿಯಬೇಕು, ನೀರು ಕೂಡಿಡಬೇಕು, ಸೀಟಿ ಊದಿ ಅದನ್ನು ಹದ್ದಿನಲ್ಲಿಡಬೇಕು. ದಿನವೂ ಇಷ್ಟು ಕೆಲಸವಿದ್ದವನು ಕೊರಗಿ ಸಾಯುವುದಿಲ್ಲ” ಎಂದರು. ಹುಲಿಯಿಂದಲೇ ತಾನು ಬದುಕಿದೆನೆಂದು ಪೈ ಸಹ ಒಪ್ಪುತ್ತಾನಲ್ಲವೆ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ಯುವತಿಯೊಬ್ಬಳು ಇದನ್ನು ಒಪ್ಪಲಿಲ್ಲ. ಕಥೆ ಚೆನ್ನಾಗಿದೆಯೆಂಬ ಕಾರಣಕ್ಕೆ ಅದನ್ನು ನಂಬುವುದು ಭಕ್ತಿಯಲ್ಲ, ತಪ್ಪಿಸಿಕೊಳ್ಳುವ ದಾರಿ. ಸತ್ತ ತಾಯಿಯನ್ನು ಮರೆಯಲು ಹುಲಿಯನ್ನು ತಂದು ನಿಲ್ಲಿಸಿದ್ದಾರೆ ಎಂದಳು.

ಅವಳ ಮಾತಿಗೆ ಇತಿಹಾಸದ ಬಲವಿದೆ. 1884ರಲ್ಲಿ ‘ಮಿನ್ಯೊನೆಟ್’ ಎಂಬ ಇಂಗ್ಲಿಷ್ ನಾವೆಯು ಆಸ್ಟ್ರೇಲಿಯಾಕ್ಕೆ ಹೋಗುವಾಗ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಸಣ್ಣ ದೋಣಿಯಲ್ಲಿ ನಾಲ್ವರು ಉಳಿದರು. ಸುಮಾರು ಮೂರು ವಾರಗಳಾಗುತ್ತಲೇ, ಅವರಲ್ಲಿ ಕಿರಿಯವನೂ ನೀರಡಿಕೆಯಿಂದ ಕಂಗೆಟ್ಟವನೂ ಆದ ಹದಿನೇಳರ ಹುಡುಗನನ್ನು ಉಳಿದವರು ಕೊಂದು ತಿಂದರು. ಕೆಲವೇ ದಿನಗಳಲ್ಲಿ ಹಡಗೊಂದು ಬಂದು ಅವರನ್ನು ಕಾಪಾಡಿತು. ಡಡ್ಲಿ, ಸ್ಟೀಫನ್ಸ್ ಎಂಬಿಬ್ಬರಿಗೆ ಮರಣದಂಡನೆಯಾಗಿ, ಅನಂತರ ಅದು ಆರು ತಿಂಗಳ ಸೆರೆವಾಸಕ್ಕೆ ಇಳಿಯಿತು; ಪ್ರಾಣಸಂಕಟವು ಕೊಲೆಗೆ ಸಮರ್ಥನೆಯಾಗದೆಂಬ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಸತ್ತ ಆ ಹುಡುಗನ ಹೆಸರು ರಿಚರ್ಡ್ ಪಾರ್ಕರ್. ಮಾರ್ಟೆಲ್ ತನ್ನ ಹುಲಿಗೆ ಈ ಹೆಸರನ್ನಿಟ್ಟದ್ದು ಆಕಸ್ಮಿಕವಲ್ಲ.

ಆದುದರಿಂದ ಎರಡನೆಯ ಕಥೆಯನ್ನು ಅವಸರದಿಂದ ದಾಟಿ, ಹುಲಿಯ ಕಥೆಯೇ ಸೊಗಸೆಂದು ಪುಸ್ತಕ ಮುಚ್ಚುವ ಓದುಗನ ಶ್ರದ್ಧೆಯಲ್ಲಿ ನನಗೆ ವಿಶ್ವಾಸವಿಲ್ಲ. ಪೈ ಎರಡನ್ನೂ ಹೇಳಿದನು. ಆ ದೋಣಿಯಲ್ಲಿ ಏನೇನು ನಡೆದಿರಬಹುದೆಂಬುದನ್ನು ಕಣ್ಣಾರೆ ಕಂಡ ಮೇಲೂ ದಿನಕ್ಕೆ ಹಲವು ಬಾರಿ ಪ್ರಾರ್ಥನೆಗೆ ಕುಳಿತವನು ಅವನು. ಅಡಿಗೆಯವನನ್ನು ನೋಡಲೊಲ್ಲದವನು ಹುಲಿಯನ್ನು ನಂಬಿದರೆ ಅದರ ಬೆಲೆಯೆಷ್ಟು? ಲೇತ್ ನಡೆಸುವವರಿಗೂ ಆ ಯುವತಿಗೂ ನಾನು ಇದನ್ನೇ ಹೇಳಿದೆ, ಇಬ್ಬರೂ ಒಪ್ಪಲಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಮನೆಯೊಡತಿ ಗೋವಿನ ಹಾಡಿನ ನೆನಪು ತೆಗೆದರು. ನಮ್ಮ ಅರ್ಬುತ ವ್ಯಾಘ್ರನು ಪುಣ್ಯಕೋಟಿಯ ಸತ್ಯಕ್ಕೆ ಸೋತು ಪ್ರಾಣವನ್ನೇ ಬಿಟ್ಟಿತು. ರಿಚರ್ಡ್ ಪಾರ್ಕರನಾದರೋ ಮೆಕ್ಸಿಕೋ ದಡದಲ್ಲಿ ಇಳಿದು, ಕಾಡಿನ ಅಂಚಿನಲ್ಲಿ ಒಂದು ಗಳಿಗೆ ನಿಂತು, ಹಿಂತಿರುಗಿ ನೋಡದೆ ಹೊರಟುಹೋಯಿತು. ಊರಿನವರು ಬಂದು ಪೈಯನ್ನು ಎತ್ತಿಕೊಂಡಾಗ ಅವನು ಎಳೆಯ ಮಗುವಿನಂತೆ ಅಳುತ್ತಿದ್ದುದು ಅದಕ್ಕಾಗಿ. “ಅವನು ಅತ್ತದ್ದಂತೂ ಎರಡು ಕಥೆಗಳಲ್ಲಿ ಯಾವುದು ನಿಜವಾದರೂ ನಿಜವೇ” ಎಂದು ಆಕೆ ಹೇಳಿದರು.