ಮೌಂಟನ್ ಬೈಕಿಗೆ ಹೊಂದುವ ಸೀಟು

ಮೌಂಟನ್ ಬೈಕಿನ ಸೀಟು ಮುಖ್ಯವಾಗಿ ಹೊರಬೇಕಾದದ್ದು ಸವಾರನ ಎರಡು ಮೂಳೆಗಳನ್ನು. ಗಟ್ಟಿ ಬೆಂಚಿನ ಮೇಲೆ ಕೂತಾಗ ತಳದಲ್ಲಿ ಒತ್ತುವ ಈ ಎರಡು ಉಬ್ಬುಗಳ ನಡುವಣ ಅಂತರ ಸಾಮಾನ್ಯವಾಗಿ 100ರಿಂದ 150 ಮಿಲಿಮೀಟರ್. ಹೆಂಗಸರಲ್ಲಿ ಸರಾಸರಿ ತುಸು ಹೆಚ್ಚು. ಮೈಕಟ್ಟು ನೋಡಿ ಇದನ್ನು ಊಹಿಸಲಾಗದು. ದಪ್ಪಗಿರುವವರಿಗೆಲ್ಲ ಅಗಲ ಸೀಟೇ ಬೇಕೆಂಬುದು ತಪ್ಪು ಲೆಕ್ಕ. ಮೂಳೆಗಳ ನಡುವೆ ನರ, ರಕ್ತನಾಳಗಳಿರುವ ಮೆದು ಭಾಗವಿದೆ. ಭಾರ ಅಲ್ಲಿಗೆ ಬಿದ್ದರೆ ಜೋಮು ಹಿಡಿಯುತ್ತದೆ.

ಅಳತೆ ಮನೆಯಲ್ಲೇ ಆಗುತ್ತದೆ. ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಕಟ್ಟೆಯ ಮೇಲಿಟ್ಟು ಕೂತು, ಮುಂದಕ್ಕೆ ಬಾಗಿ ಹಿಮ್ಮಡಿ ಎತ್ತಿದರೆ ಎರಡು ಕುಳಿ ಮೂಡುತ್ತವೆ. ಅವುಗಳ ನಡುವಿನಿಂದ ನಡುವಿಗೆ ಅಳೆದು 20ರಿಂದ 30 ಮಿಲಿಮೀಟರ್ ಸೇರಿಸಿದರೆ ಸೀಟಿನ ಅಗಲ ಸಿಗುತ್ತದೆ. ಹೆಚ್ಚು ಬಾಗಿ ತುಳಿಯುವವರಿಗೆ ಕಡಿಮೆ ಸಾಕು, ನೆಟ್ಟಗೆ ಕೂರುವವರಿಗೆ ಹೆಚ್ಚು ಬೇಕು. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರಿಕೊಂಡು ಹೋಗುವ ಹಳೆಯ ಸೈಕಲ್ಲುಗಳ ಅಗಲವಾದ ಸ್ಪ್ರಿಂಗ್ ಸೀಟು ನೆಟ್ಟಗೆ ಕೂರುವವರಿಗೆಂದೇ ಆದದ್ದು, ಆ ಕೆಲಸಕ್ಕೆ ಬಹಳ ಒಳ್ಳೆಯದು. ಅದನ್ನೇ ಮೌಂಟನ್ ಬೈಕಿಗೆ ಹಾಕಿದರೆ ತೊಡೆಯ ಒಳಭಾಗ ತರಚುತ್ತದೆ.

ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ ಮೆತ್ತಗಿರುವುದನ್ನೇ ಆರಿಸುವುದು ರೂಢಿ. ಮೊದಲ ಅರ್ಧ ಗಂಟೆ ಹಾಯೆನಿಸುವ ಆ ಮೆತ್ತೆಯೊಳಗೆ ಬರಬರುತ್ತ ಮೂಳೆಗಳು ಹೂತುಹೋಗಿ, ನಡುವಿನ ಫೋಮ್ ಮೇಲೆದ್ದು ಮೆದು ಭಾಗವನ್ನು ಒತ್ತುತ್ತದೆ. ಮೇಲೊಂದು ಜೆಲ್ ಕವರ್ ಹಾಕಿದರೆ ಒತ್ತಡ ಇನ್ನೂ ಹೆಚ್ಚುವುದುಂಟು. ಅಗಲ ಸರಿಯಿದ್ದರೆ ತುಸು ಗಟ್ಟಿ ಸೀಟೇ ದೂರದ ದಾರಿಗೆ ಸುಖ.

ಇನ್ನು ಆಕಾರ. ಇದನ್ನು ನಿರ್ಧರಿಸುವುದು ನೆಲ. ದಾವಣಗೆರೆ ಜಿಲ್ಲೆಯನ್ನೇ ನೋಡಿ: ಚನ್ನಗಿರಿ, ಹೊನ್ನಾಳಿಯ ಅಡಿಕೆ ತೋಟ, ಗದ್ದೆಗಳ ನಡುವಿನ ಭದ್ರಾ ನಾಲೆಯ ಏರಿಗಳು ಬಹುಪಾಲು ಸಮತಟ್ಟು. ಸವಾರ ಮೇಲೇಳುವ ಸಂದರ್ಭವೇ ಕಡಿಮೆ, ಒಂದೇ ಜಾಗಕ್ಕೆ ಗಂಟೆಗಟ್ಟಲೆ ಭಾರ ಬೀಳುತ್ತದೆ. ಇಂಥಲ್ಲಿ ನಡುವೆ ಕಾಲುವೆಯಂತೆ ತೋಡಿದ ಅಥವಾ ರಂಧ್ರವಿರುವ ಸೀಟಿನ ಬೆಲೆ ತಿಳಿಯುತ್ತದೆ. ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದ ಏರಿನ ಕಥೆ ಬೇರೆ. ಏರು ಕಡಿದಾದಂತೆ ಮುಂಚಕ್ರ ಮೇಲೇಳದಿರಲು ಸವಾರ ಸೀಟಿನ ಮೂತಿಗೆ ಸರಿದು ಕೂರುತ್ತಾನೆ. ಮೂತಿ ಚೂಪಾಗಿದ್ದರೆ ಅಲ್ಲಿ ಕೂರಲಾಗದು. ಇಳಿಜಾರಿನಲ್ಲಿ ದೇಹ ಸೀಟಿನ ಹಿಂದಕ್ಕೆ ಹೋಗಬೇಕು, ಆಗ ಹಿಂಬದಿಯ ಅಗಲವಾದ ಚೂಪು ಮೂಲೆ ಚಡ್ಡಿಗೆ ಸಿಕ್ಕಿಕೊಂಡು ಸವಾರನನ್ನು ಬೀಳಿಸಬಲ್ಲದು. ದುಂಡಗಿನ ಅಂಚು ಇಲ್ಲಿ ಸುಖಕ್ಕಿಂತ ಹೆಚ್ಚಾಗಿ ಸುರಕ್ಷತೆಯ ವಿಷಯ. ಜಗಳೂರಿನ ಕಡೆ ಮಳೆ ಕಡಿಮೆ, ಕಲ್ಲು ಹೆಚ್ಚು. ಕೊಂಡುಕುರಿಗಳ ರಂಗಯ್ಯನದುರ್ಗ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೊರಗಿನ ಬಂಡಿಜಾಡುಗಳೇ ಸಾಕಷ್ಟಿವೆ. ಅಲ್ಲಿ ಕುಲುಕಾಟವನ್ನು ತಡೆಯಬೇಕಾದದ್ದು ಸೀಟಲ್ಲ, ಮೊಣಕಾಲು ಮತ್ತು ಟಯರಿನ ಗಾಳಿ. ಸೀಟಿನ ಹೊದಿಕೆ ಮಾತ್ರ ತರಚಿಗೂ ಜಾಲಿಮುಳ್ಳಿಗೂ ಹರಿಯದಂತಿರಬೇಕು. ಚರ್ಮದ ಸೀಟು ಒಣ ಜಗಳೂರಿಗೆ ಒಗ್ಗಿದರೂ ಮಳೆಗಾಲದಲ್ಲಿ ನೆನೆಯದಂತೆ ಕಾಪಾಡಬೇಕಾಗುತ್ತದೆ.

ಒಳ್ಳೆಯ ಸೀಟನ್ನೂ ಕೆಟ್ಟದಾಗಿ ಕೂರಿಸಿದರೆ ನೋವು ತಪ್ಪದು. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರ ಮೊದಲ ಲೆಕ್ಕ. ಇದಕ್ಕಿಂತ ಎತ್ತರವಾದರೆ ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ಹೊರಳಿ ಚರ್ಮ ಉಜ್ಜುತ್ತದೆ. ಮೂತಿ ಸಮತಲದಲ್ಲಿ ಅಥವಾ ಒಂದೆರಡು ಡಿಗ್ರಿ ಕೆಳಕ್ಕಿರಲಿ. ಹೆಚ್ಚು ಬಾಗಿಸಿದರೆ ದೇಹ ಮುಂದೆ ಜಾರಿ ಅಂಗೈ, ಭುಜ ನೋಯುತ್ತವೆ. ಸೀಟನ್ನು ಅದರಡಿಯ ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಸುವುದಾದರೆ ಕೆಲವೇ ಮಿಲಿಮೀಟರ್ ಸರಿಸಿ; ಎತ್ತರ, ಓರೆ, ಸ್ಥಾನಗಳಲ್ಲಿ ಒಂದು ಬಾರಿಗೆ ಒಂದನ್ನೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ.

ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಹಾಕಬಾರದು. ಅದರ ಹೊಲಿಗೆಯೇ ಗಾಯ ಮಾಡುತ್ತದೆ. ಹೊಸ ಸೀಟಿಗೆ ಮೊದಲ ಕೆಲವು ಸವಾರಿಗಳಲ್ಲಿ ಮೂಳೆಯ ಜಾಗ ನೋಯುವುದು ಸಹಜ, ರೂಢಿಯಾದಂತೆ ಕಡಿಮೆಯಾಗುತ್ತದೆ. ಜೋಮಿಗೆ ಈ ಮಾತು ಅನ್ವಯಿಸದು. ಓರೆ, ಎತ್ತರ ತಿದ್ದಿದ ಮೇಲೂ ಅದು ಮರುಕಳಿಸಿದರೆ ಆ ಸೀಟನ್ನು ಬಿಡಬೇಕು. ಇಳಿದ ಮೇಲೂ ಉಳಿದರೆ ವೈದ್ಯರಿಗೆ ತೋರಿಸಬೇಕು.