ಚಿತ್ರಕಥಾ ಸರಣಿ: ಮುಂದಿನ ಸಂಚಿಕೆ ಬೇಕೋ ಬೇಡವೋ ತೀರ್ಮಾನಿಸುವುದು ಹೇಗೆ

ಹಾಸನದಂಥ ಜಿಲ್ಲಾ ಕೇಂದ್ರದಲ್ಲೂ ಒಂದು ಚಿತ್ರಕಥಾ ಸರಣಿಯ ಎಲ್ಲ ಸಂಪುಟಗಳನ್ನೂ ಕಪಾಟಿನಲ್ಲಿಟ್ಟು ಮಾರುವ ಅಂಗಡಿ ಸಿಗುವುದು ಕಷ್ಟ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಂತೂ ಪತ್ರಿಕಾ ಏಜೆಂಟರಿಗೆ ಮೊದಲೇ ಹೇಳಿ ತರಿಸಬೇಕು, ಇಲ್ಲವೇ ಚಂದಾ ಕಟ್ಟಿ ಅಂಚೆಯವರ ದಾರಿ ನೋಡಬೇಕು, ಅದೂ ಇಲ್ಲದಿದ್ದರೆ ಮೊಬೈಲಿನಲ್ಲಿ ಆರ್ಡರ್ ಮಾಡಿ ಕೊರಿಯರ್‌ನವರ ಫೋನಿಗೆ ಕಾಯಬೇಕು. ಈ ಮೂರು ದಾರಿಯಲ್ಲಿ ಯಾವುದನ್ನು ಹಿಡಿದರೂ ಪುಸ್ತಕವನ್ನು ಕೈಗೆತ್ತಿಕೊಂಡು, ನಾಲ್ಕು ಪುಟ ತಿರುವಿ, ಬೇಡವೆನಿಸಿದರೆ ಅಲ್ಲೇ ಇಟ್ಟು ಬರುವ ಅವಕಾಶವಿಲ್ಲ. ದೊಡ್ಡ ನಗರದ ಓದುಗ ಪ್ರತಿ ಸಲವೂ ‘ಕೊಳ್ಳೋಣ’ ಎಂದು ತೀರ್ಮಾನಿಸಿ ಕೊಳ್ಳುತ್ತಾನೆ. ನಮ್ಮ ಊರುಗಳಲ್ಲಿ ಒಮ್ಮೆ ಹೇಳಿಬಿಟ್ಟರೆ ‘ಸಾಕು’ ಎನ್ನುವವರೆಗೆ ಪುಸ್ತಕ ಬರುತ್ತಲೇ ಇರುತ್ತದೆ, ಆ ಮಾತನ್ನು ಹೇಳುವ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಕೊಳ್ಳಲು ಇರುವಂತೆ ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕು. ಇಲ್ಲಿಯವರೆಗೆ ಎಷ್ಟು ಖರ್ಚಾಗಿದೆ ಎಂಬ ಲೆಕ್ಕವನ್ನು ಪೂರ್ತಿ ಬದಿಗಿಟ್ಟು, ಕೊನೆಗೆ ಬಂದ ಮೂರು ಸಂಚಿಕೆಗಳು ಮನೆಯಲ್ಲಿ ಏನಾದವು ಎಂಬುದರ ಮೇಲೆ ಮುಂದಿನದನ್ನು ತೀರ್ಮಾನಿಸಬೇಕು ಎಂಬುದು ಇಲ್ಲಿನ ವಾದ.

ಮೊದಲು ಮಾಡಬೇಕಾದದ್ದು ಆ ಮೂರು ಸಂಚಿಕೆಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದು. ಬಂದ ದಿನವೇ ತೆರೆದರೋ, ವಾರ ಕಳೆಯಿತೋ, ಕವರ್ ಇನ್ನೂ ಹರಿದೇ ಇಲ್ಲವೋ ನೋಡಿ. ಕಳೆದ ಸಂಚಿಕೆ ಎಲ್ಲಿಗೆ ನಿಂತಿತ್ತು ಎಂದು ಓದುವ ಮಗುವನ್ನೇ ಕೇಳಿ. ಪರೀಕ್ಷೆಯ ಪ್ರಶ್ನೆಯಂತೆ ಕೇಳಬೇಡಿ, ಕಥೆ ಕೇಳುವ ಆಸೆಯಿಂದ ಕೇಳಿ. ಕಥೆ ಹಿಡಿದಿಟ್ಟಿದ್ದರೆ ಮಗು ನಿಲ್ಲಿಸದೆ ಹೇಳುತ್ತದೆ, ಬಿಟ್ಟುಹೋಗಿದ್ದರೆ ಪಾತ್ರದ ಹೆಸರಿಗೂ ತಡಕಾಡುತ್ತದೆ. ಒಂದೇ ಸಂಚಿಕೆಯಿಂದ ತೀರ್ಪು ಕೊಡಬಾರದು. ಜ್ವರ, ಜಾತ್ರೆ, ಮದುವೆ, ಏನೋ ಒಂದು ಅಡ್ಡ ಬಂದಿರಬಹುದು. ಮೂರೂ ಹಾಗೇ ಬಿದ್ದಿದ್ದರೆ ಅದು ಆಕಸ್ಮಿಕವಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಮನೆಯಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಸಂಚಿಕೆಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ದಸರಾ ರಜೆಯಲ್ಲಿ ಬಂದದ್ದೂ ಮುಟ್ಟದೆ ಉಳಿದಿದ್ದರೆ ಅದೇ ನಿಜವಾದ ಸಾಕ್ಷಿ. ಇನ್ನೊಂದು ವಿಷಯ: ಪುಸ್ತಕ ಯಾರ ಹೆಸರಿಗೆ ಬರುತ್ತದೆ ಎನ್ನುವುದಕ್ಕಿಂತ ಯಾರು ಓದುತ್ತಾರೆ ಎನ್ನುವುದನ್ನು ನೋಡಿ. ಅಣ್ಣ ಬಿಟ್ಟದ್ದನ್ನು ತಂಗಿ ಓದುತ್ತಿದ್ದರೆ ಸರಣಿಗೆ ಓದುಗರಿದ್ದಾರೆ ಎಂದೇ ಅರ್ಥ.

‘ಇಷ್ಟು ದುಡ್ಡು ಹಾಕಿದ್ದೇವೆ, ಈಗ ಬಿಟ್ಟರೆ ಎಲ್ಲ ದಂಡ’ ಎನ್ನುವ ಮಾತು ಎಲ್ಲ ಮನೆಗಳಲ್ಲೂ ಬರುತ್ತದೆ. ಈ ಮಾತಿನ ಬಲ ಎಷ್ಟೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆರ್ಕ್ಸ್ ಮತ್ತು ಬ್ಲೂಮರ್ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಒಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಹಂಗಾಮಿನ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ ಹಾಕಿ, ಕೆಲವರಿಗೆ ರಿಯಾಯಿತಿ ಕೊಟ್ಟರು. ಯಾರಿಗೆ ಯಾವುದು ಎಂಬುದು ಯಾದೃಚ್ಛಿಕ, ಹಾಗಾಗಿ ನಾಟಕದ ಮೇಲಿನ ಪ್ರೀತಿಯಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸವಿರಲು ಕಾರಣವಿಲ್ಲ. ಆದರೂ ಹಂಗಾಮಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಬಂದರು. ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ಕೊಟ್ಟ ಹಣ ನಮ್ಮನ್ನು ಎಳೆಯುವುದು ನಿಜ, ಆ ಎಳೆತ ಕೆಲವು ತಿಂಗಳಲ್ಲಿ ಸಡಿಲವಾಗುವುದೂ ನಿಜ. ಮನೆಗೆ ಇದನ್ನು ಅನ್ವಯಿಸಿದರೆ, ಚಂದಾ ಕಟ್ಟಿದ ಹೊಸತರಲ್ಲಿ ಮಗು ಓದುತ್ತಿದೆಯೆಂಬುದು ಬಲವಾದ ಸಾಕ್ಷಿಯಲ್ಲ. ಆರು ತಿಂಗಳ ನಂತರವೂ ಓದುತ್ತಿದ್ದರೆ ಅದು ಕಥೆಗಾಗಿಯೇ ಓದು. ಆದ್ದರಿಂದ ಹೊಸ ಸರಣಿಗೆ ಎರಡು ಮೂರು ವರ್ಷಗಳ ಚಂದಾವನ್ನು ಒಟ್ಟಿಗೆ ಕಟ್ಟಬೇಡಿ. ರಿಯಾಯಿತಿ ಎಷ್ಟೇ ಇದ್ದರೂ ಮೊದಲ ಸಲ ಸಿಗುವ ಅತಿ ಚಿಕ್ಕ ಅವಧಿಯನ್ನೇ ಆರಿಸಿ.

ಎರಡನೆಯ ಹೆಜ್ಜೆ ಸರಣಿಯ ಬಗೆಯನ್ನು ಗುರುತಿಸುವುದು. ಮೊದಲ ಬಗೆಗೆ ಅಮರ ಚಿತ್ರಕಥೆ ಉದಾಹರಣೆ, ಅದರ ಮೊದಲ ಹೆಜ್ಜೆ ಮೂಡಿದ್ದು ಕನ್ನಡದಲ್ಲೇ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಪಾಶ್ಚಾತ್ಯ ಮಕ್ಕಳ ಕಥೆಗಳು ಕನ್ನಡ ಚಿತ್ರಕಥೆಗಳಾಗಿ ಬಂದವು, ಆಮೇಲೆ ಅನಂತ ಪೈ ಅವರ ಸಂಪಾದಕತ್ವದಲ್ಲಿ ನಮ್ಮ ಪುರಾಣ, ಇತಿಹಾಸದ ಮಾಲೆ ಬೆಳೆಯಿತು. ಅದರಲ್ಲಿ ಒಂದೊಂದು ಪುಸ್ತಕವೂ ತನ್ನಷ್ಟಕ್ಕೆ ಪೂರ್ಣ. ಇಂಥದ್ದಕ್ಕೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ, ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡಬಹುದು. ಚಂದಮಾಮದ ವಿಕ್ರಮ ಬೇತಾಳನೂ ಹಾಗೆಯೇ. ಶಂಕರ್ ಅವರ ಚಿತ್ರಗಳೊಂದಿಗೆ ದಶಕಗಳ ಕಾಲ ಬಂದರೂ ಯಾವ ತಿಂಗಳಿನಿಂದ ಬೇಕಾದರೂ ಓದಲು ಶುರು ಮಾಡಬಹುದಿತ್ತು. ಎರಡನೆಯ ಬಗೆಗೆ ಅದೇ ಅಮರ ಚಿತ್ರಕಥೆಯವರು 1985ರಲ್ಲಿ ಆರಂಭಿಸಿದ ಮಹಾಭಾರತ ಉದಾಹರಣೆ, ಅದು 42 ಸಂಚಿಕೆಗಳ ಒಂದೇ ಕಥೆ. ಅದರ ಅಂತ್ಯ ಎಲ್ಲರಿಗೂ ಗೊತ್ತು, ಅಳತೆಯೂ ಗೊತ್ತು. ಹೀಗೆ ಕೊನೆ ಕಾಣುವ ಸರಣಿಯಲ್ಲಿ ಅರ್ಧ ದಾಟಿದವರು ಸ್ವಲ್ಪ ಬೇಸರವಾದರೂ ಮುಂದುವರಿಸುವುದು ನ್ಯಾಯ, ಏಕೆಂದರೆ ಉಳಿದ ಪುಸ್ತಕಗಳು ಕೊಡುವ ಪೂರ್ಣತೆ ಮುಂದೆ ಸಿಗುವ ಲಾಭ. ಅದು ಹಿಂದೆ ಕೊಟ್ಟ ಹಣದ ಮೋಹವಲ್ಲ.

ಮೂರನೆಯ ಬಗೆಯೇ ಈಗ ಹೈಸ್ಕೂಲು, ಕಾಲೇಜಿನ ಮಕ್ಕಳ ಕೈಯಲ್ಲಿ ಹೆಚ್ಚಾಗಿರುವುದು, ಜಪಾನಿನ ಮಾಂಗಾ. ಇಲ್ಲಿ ಒಂದೊಂದರ ಉದ್ದ ಒಂದೊಂದು ಥರ. ಡೆತ್ ನೋಟ್ 12 ಸಂಪುಟಗಳಿಗೆ ಮುಗಿಯುತ್ತದೆ, ಡೀಮನ್ ಸ್ಲೇಯರ್ 23ಕ್ಕೆ, ನರುಟೊ 72ಕ್ಕೆ. 1997ರಲ್ಲಿ ಶುರುವಾದ ಒನ್ ಪೀಸ್ ನೂರು ಸಂಪುಟ ದಾಟಿಯೂ ನಡೆಯುತ್ತಲೇ ಇದೆ. ಸಂಪುಟಕ್ಕೆ 450 ರೂಪಾಯಿ ಎಂದು ಹಿಡಿದರೂ ಡೆತ್ ನೋಟ್ 5,400 ರೂಪಾಯಿಯ ಮಾತು, ನರುಟೊ 32,400ರದು. ಮೊದಲ ಸಂಪುಟವನ್ನು ಕೊಡಿಸುವ ದಿನ ಈ ಅಂಕಿಯನ್ನು ಮಕ್ಕಳ ಜೊತೆ ಕುಳಿತು ಬರೆದಿಡುವುದು ಮುಂದಿನ ಜಗಳಗಳನ್ನು ಬಹಳ ಕಡಿಮೆ ಮಾಡುತ್ತದೆ. ಅಂತ್ಯವನ್ನೇ ಅರಿಯದ ಸರಣಿಗಳ ಅಪಾಯ ಇನ್ನೂ ಬೇರೆ. ಬರ್ಸರ್ಕ್ ರಚಿಸುತ್ತಿದ್ದ ಕೆಂತಾರೊ ಮಿಯುರಾ 2021ರಲ್ಲಿ ಕಥೆ ಮುಗಿಯುವ ಮೊದಲೇ ತೀರಿಕೊಂಡರು. ಮುಂದಿನ ವರ್ಷ ಅವರ ಗೆಳೆಯ ಮತ್ತು ಶಿಷ್ಯರು ಕೆಲಸವನ್ನು ಕೈಗೆತ್ತಿಕೊಂಡರು. ‘ಕೊನೆ ಗೊತ್ತಾಗಲಿ ಎಂದು ಕೊಳ್ಳುತ್ತಿದ್ದೇನೆ’ ಎನ್ನುವವರು ಕೊನೆ ಬರುವ ಖಾತರಿ ಇದೆಯೇ ಎಂದು ಮೊದಲು ನೋಡಲಿ. ಜಪಾನಿನ ಶುಯೇಷಾ ಪ್ರಕಾಶನದವರೇ 2019ರಿಂದ ನಡೆಸುತ್ತಿರುವ ಮಾಂಗಾ ಪ್ಲಸ್ ಆ್ಯಪ್‌ನಲ್ಲಿ ಹಲವು ಸರಣಿಗಳ ಮೊದಲ ಮತ್ತು ಇತ್ತೀಚಿನ ಕೆಲವು ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಉಚಿತವಾಗಿ ಓದಬಹುದು. ಎರಡನ್ನೂ ಓದಿ ಹೋಲಿಸಿದರೆ ಕಥೆ ಇನ್ನೂ ನಡೆಯುತ್ತಿದೆಯೋ, ಬರೀ ಎಳೆಯುತ್ತಿದೆಯೋ ಗೊತ್ತಾಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಮುಖಬೆಲೆಯಷ್ಟೇ ಸಾಲದು. ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಹಾಸನಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು, ಚನ್ನರಾಯಪಟ್ಟಣದಿಂದ ಇನ್ನೂ ಸ್ವಲ್ಪ ಹೆಚ್ಚು. ಪುಸ್ತಕಕ್ಕೆಂದೇ ಹೋಗಿಬಂದರೆ ಅರ್ಧ ದಿನ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಮ್ಮನಿಗೆ ಟಿಕೆಟ್ ಹಣ ಉಳಿಯಬಹುದು, ಅರ್ಧ ದಿನ ಉಳಿಯುವುದಿಲ್ಲ. ಆನ್‌ಲೈನಿನಲ್ಲಿ ಒಂದೇ ಪುಸ್ತಕ ತರಿಸಿದರೆ ಸಾಗಣೆ ವೆಚ್ಚ ಬೀಳಬಹುದು, ಅದನ್ನು ಉಳಿಸಲು ಬೇಡದ ಇನ್ನೊಂದನ್ನೂ ಸೇರಿಸುವ ಅಭ್ಯಾಸ ಬರುತ್ತದೆ. ಇವೆಲ್ಲವನ್ನೂ ಕೂಡಿ, ಇದೇ ಹಣದಲ್ಲಿ ಮಗು ಈಗ ಆಸೆಪಡುತ್ತಿರುವ ಬೇರೆ ಪುಸ್ತಕ ಯಾವುದು ಬರುತ್ತದೆ ಎಂದು ಕೇಳಿ. ಹೋಲಿಕೆಗೆ ಎದುರಿಗೆ ಒಂದು ಹೆಸರಿರಲಿ. ‘ಹಣ ಉಳಿಸೋಣ’ ಎಂದಷ್ಟೇ ಹೇಳಿದರೆ ಯಾವ ಮಗುವೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ನಿಲ್ಲಿಸುವುದೇ ಸರಿ ಎನಿಸಿದರೆ ಎಲ್ಲಿ ನಿಲ್ಲಿಸಬೇಕು ಎಂಬುದು ಮುಂದಿನ ಪ್ರಶ್ನೆ. ದೊಡ್ಡ ಸರಣಿಗಳು ಪರ್ವಗಳಾಗಿ ಒಡೆದಿರುತ್ತವೆ. ಒಂದು ಯುದ್ಧ, ಒಂದು ಪ್ರಯಾಣ, ಒಬ್ಬ ಎದುರಾಳಿಯ ಕಥೆ ಮುಗಿಯುವ ಸಂಪುಟದಲ್ಲಿ ನಿಲ್ಲಿಸಿದರೆ ಕೈಯಲ್ಲಿರುವಷ್ಟೂ ಪೂರ್ಣವೆನಿಸುತ್ತದೆ. ನಡುವೆ ಬಿಟ್ಟರೆ ಕುತೂಹಲವೇ ಮತ್ತೆ ಅಂಗಡಿಗೆ ಕಳಿಸುತ್ತದೆ. ಸುಧಾ, ತರಂಗದ ಧಾರಾವಾಹಿಗಳನ್ನು ಕತ್ತರಿಸಿ ಬೈಂಡ್ ಮಾಡಿಸಿಟ್ಟ ಹಿಂದಿನ ಓದುಗರಿಗೆ ಈ ವಿವೇಕ ಸಹಜವಾಗಿತ್ತು. ಒಂದು ಧಾರಾವಾಹಿ ಮುಗಿದಾಗ ಅದನ್ನು ಕಟ್ಟಿಟ್ಟು, ಮುಂದಿನದು ಹಿಡಿಸಿದರೆ ಮಾತ್ರ ಹೊಸ ಕಟ್ಟು ಆರಂಭಿಸುತ್ತಿದ್ದರು.

ಹೀಗೆ ನಿಲ್ಲಿಸುವುದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡಕ್ಕೆ ಚಿಕ್ಕ ಉತ್ತರ ಸಾಕು. ‘ಮುಂದೆ ಚೆನ್ನಾಗಿ ಆಗಬಹುದು’ ಎನ್ನುತ್ತಾರೆ. ಆಗಬಹುದು, ಆಗ ಕೊಳ್ಳಬಹುದು. ಇಂದಿನ ಜನಪ್ರಿಯ ಸಂಪುಟಗಳು ಮರುಮುದ್ರಣವಾಗುತ್ತಲೇ ಇರುತ್ತವೆ. ‘ಪೂರ್ತಿ ಸೆಟ್ ಇದ್ದರೆ ಮುಂದೆ ಬೆಲೆ ಬರುತ್ತದೆ’ ಎನ್ನುವವರಿಗೆ 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಉದಾಹರಣೆಯಾಗುತ್ತದೆ. ಹಳೆಯ ಫ್ಯಾಂಟಮ್, ಮಾಂಡ್ರೇಕ್ ಸಂಚಿಕೆಗಳಿಗೆ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ. ಆದರೆ ಅವು ಅಪರೂಪವಾದದ್ದು ಜನ ಓದಿ, ಹಂಚಿ, ರದ್ದಿಗೆ ಹಾಕಿದ್ದರಿಂದ. ಎಲ್ಲರೂ ಬೆಲೆಗಾಗಿ ಕೂಡಿಟ್ಟರೆ ಏನಾಗುತ್ತದೆಂದು ಅಮೆರಿಕ ಕಂಡಿದೆ. 1991ರ ಎಕ್ಸ್-ಮೆನ್ ಮೊದಲ ಸಂಚಿಕೆ ಹಲವು ಮುಖಪುಟಗಳಲ್ಲಿ ಬಂದು ಎಂಬತ್ತು ಲಕ್ಷ ಪ್ರತಿಗಳ ಆಸುಪಾಸು ಮಾರಾಟವಾಯಿತು. ಎಲ್ಲರ ಬಳಿಯೂ ಇರುವುದನ್ನು ಯಾರು ಕೊಳ್ಳುತ್ತಾರೆ? ಆ ಸಟ್ಟಾ ಕುಸಿದ ಮೇಲೆ 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಮೂರನೆಯ ಆಕ್ಷೇಪ ಮಾತ್ರ ಗಂಭೀರ, ಅದನ್ನು ಹಗುರಾಗಿ ತೆಗೆದುಕೊಳ್ಳಲಾಗದು. ಕನ್ನಡದ ಮಕ್ಕಳ ಪತ್ರಿಕೆಗಳು ಮೊದಲೇ ಕಡಿಮೆ, ನಾವೂ ನಿಲ್ಲಿಸಿದರೆ ಅವು ಉಳಿಯುವುದು ಹೇಗೆ? 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮ ತಲೆಮಾರುಗಳನ್ನು ಓದಿಗೆ ಹಚ್ಚಿ ಕೊನೆಗೆ ನಿಂತೇಹೋಯಿತು. ಡಿಂಗನ ಕಥೆಗಾಗಿ ಬಾಲಮಂಗಳ ಪತ್ರಿಕೆಯನ್ನು ಕಾಯುತ್ತಿದ್ದವರಿಗೂ ಈ ಆತಂಕ ಅರ್ಥವಾಗುತ್ತದೆ. ಇನ್ನೊಂದೆಡೆ ಶಿವಕಾಶಿಯಿಂದ 1972ರಲ್ಲಿ ಹೊರಟ ಮುತ್ತು ಕಾಮಿಕ್ಸ್, 1984ರಲ್ಲಿ ಹೊರಟ ಲಯನ್ ಕಾಮಿಕ್ಸ್ ತಮಿಳಿನಲ್ಲಿ ಇಂದಿಗೂ ಬರುತ್ತಿವೆ, ಮುಂಗಡ ಚಂದಾ ಕಟ್ಟುವ ನಿಷ್ಠಾವಂತ ಓದುಗರೇ ಅವಕ್ಕೆ ಆಧಾರ. ಹಾಗಿರುವಾಗ ಚಂದಾ ನಿಲ್ಲಿಸಿ ಎನ್ನುವುದು ಕನ್ನಡಕ್ಕೆ ದ್ರೋಹವಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ತಮಿಳಿನ ಆ ಚಂದಾದಾರರು ಓದುಗರು. ಪುಸ್ತಕ ಬಂದ ದಿನವೇ ಓದಿ, ಯಾವ ಕಥೆ ಬೇಕು, ಯಾವುದು ಬೇಡ ಎಂದು ಸಂಪಾದಕರಿಗೆ ಹೇಳುವವರು. ತೆರೆಯದ ಕವರ್ ಸಂಪಾದಕರಿಗೆ ಏನನ್ನೂ ತಿಳಿಸುವುದಿಲ್ಲ, ಎಲ್ಲ ಸರಿಯಿದೆ ಎಂಬ ಸುಳ್ಳು ಸಮಾಧಾನವನ್ನಷ್ಟೇ ಕೊಡುತ್ತದೆ. ಚಂದಮಾಮದ ಕೊನೆಯ ದಿನಗಳೂ ಓದುಗರ ಚಂದಾ ಒಂದರಿಂದಲೇ ತೀರ್ಮಾನವಾಗಲಿಲ್ಲ. 2007ರಲ್ಲಿ ಅದನ್ನು ಕೊಂಡ ಮುಂಬೈನ ಜಿಯೋಡೆಸಿಕ್ ಕಂಪನಿಯೇ ಸಾಲದಲ್ಲಿ ಸಿಕ್ಕಿಕೊಂಡಿತ್ತು. ಹಾಗಾಗಿ ಪತ್ರಿಕೆ ಉಳಿಯಲಿ ಎಂಬುದೇ ನಿಮ್ಮ ಉದ್ದೇಶವಾದರೆ ಚಂದಾ ಮುಂದುವರಿಸಿ, ವಿಳಾಸ ಬದಲಿಸಿ. ಹಳ್ಳಿಯ ಸರ್ಕಾರಿ ಶಾಲೆಗೋ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳನ್ನು ಸೇರಿಸಿಕೊಂಡ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೋ ಅದು ಹೋಗಲಿ. ಮನೆಯಲ್ಲಿ ಯಾರೂ ಓದದ ಒಂದು ಪ್ರತಿ ಅಲ್ಲಿ ಹಲವು ಕೈ ದಾಟುತ್ತದೆ, ಪತ್ರಿಕೆಗೆ ಹಣವೂ ಸಿಗುತ್ತದೆ, ನಾಳೆಯ ಓದುಗರೂ ಸಿಗುತ್ತಾರೆ.

ತೀರ್ಮಾನವಾದ ಮೇಲೆ ತಡಮಾಡದೆ ಹೇಳಿಬಿಡಿ. ಏಜೆಂಟರು ಮುಂದಿನ ಕಂತಿಗೆ ಪ್ರತಿಗಳ ಸಂಖ್ಯೆಯನ್ನು ಮೊದಲೇ ತಿಳಿಸಿರುತ್ತಾರೆ, ಬಂದ ಮೇಲೆ ಬೇಡವೆಂದರೆ ನಷ್ಟ ಅವರ ತಲೆಗೆ. ಒಂದು ಸಂಚಿಕೆ ಮುಂಚೆ ಹೇಳುವುದು ಮರ್ಯಾದೆ. ಯುಪಿಐ ಆಟೊಪೇ ಇದ್ದರೆ ಪ್ರಕಾಶಕರಿಗೆ ಬರೆದರೆ ಸಾಲದು, ಹಣ ಪಾವತಿಸುವ ಆ್ಯಪ್‌ನಲ್ಲೂ ಆ ಅನುಮತಿಯನ್ನು ರದ್ದು ಮಾಡಬೇಕು. ಪತ್ರಿಕೆಯೇ ನಿಂತು ಮುಂಗಡ ಹಣ ಉಳಿದುಬಿಟ್ಟರೆ ರಸೀದಿ ಇಟ್ಟುಕೊಂಡು ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇರುವ ಪುಸ್ತಕಗಳನ್ನು ಕೊಡುವುದಾದರೆ ಬಿಡಿಬಿಡಿಯಾಗಿ ಹಂಚಬೇಡಿ. ಮೊದಲಿನಿಂದ ನಿಲ್ಲಿಸಿದ ಸಂಪುಟದವರೆಗೆ ಒಂದೇ ಕಡೆ ಕೊಟ್ಟರೆ ಮಾತ್ರ ಇನ್ನೊಬ್ಬರಿಗೆ ಕಥೆಯಾಗಿ ದಕ್ಕುತ್ತದೆ. ಕೊಡುವ ಮೊದಲು ಓದಿದ ಮಗುವಿನ ಒಪ್ಪಿಗೆ ಪಡೆಯಿರಿ, ಬೇಕೆನಿಸಿದ ಒಂದೆರಡನ್ನು ಉಳಿಸಿಕೊಳ್ಳಲಿ. ಕೊನೆಗೆ ಕೊಂಡ ಸಂಪುಟದ ಸಂಖ್ಯೆಯನ್ನು ಎಲ್ಲಾದರೂ ಬರೆದಿಡಿ. ಆರು ತಿಂಗಳ ನಂತರ ಮಗು ತಾನಾಗಿ ಆ ಕಥೆಯನ್ನು ಕೇಳಿದರೆ ಮುಂದಿನ ಒಂದೇ ಒಂದು ಸಂಪುಟ ತರಿಸಿ, ಅದು ಮುಗಿದು ಇನ್ನೊಂದು ಬೇಕೆಂದರೆ ಆಗ ಎರಡನೆಯದಕ್ಕೆ ಆರ್ಡರ್ ಮಾಡಿ.